ಅಣ್ಣನ ಕೈಗೆ ಮಾತ್ರ ಒಲಿಯುವ ಯಂತ್ರ

ಪರದೆ ಮೂರನೇ ಸಲವೂ ಅದನ್ನೇ ಹೇಳಿತು: ಯಾವ ಸ್ಕ್ಯಾನರೂ ಸಿಕ್ಕಿಲ್ಲ. ಸ್ಕ್ಯಾನರೋ ತಂಗಿಯ ಮೊಣಕೈಗೆ ತಾಗಿಕೊಂಡೇ ಕೂತಿತ್ತು. ವೈರು ಗಟ್ಟಿಯಾಗಿತ್ತು, ಹಸಿರು ದೀಪವೂ ಉರಿಯುತ್ತಿತ್ತು.

ಕೌಂಟರಿನಾಚೆ ದರ್ಜಿಯ ಹೆಂಡತಿ, ಗಂಡನ ಆಸ್ಪತ್ರೆ ಕಾಗದಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಹನ್ನೆರಡರೊಳಗೆ ಅವು ಸ್ಕ್ಯಾನ್ ಆಗಿ, ಇಮೇಲಿನಲ್ಲಿ ದೊಡ್ಡಾಸ್ಪತ್ರೆಗೆ ತಲುಪದಿದ್ದರೆ ಇವತ್ತು ಖಾಲಿಯಾದ ಹಾಸಿಗೆ ಇನ್ನೊಬ್ಬರ ಪಾಲು. ಆಗಲೇ ಹನ್ನೊಂದೂ ಇಪ್ಪತ್ತು.

ತಂಗಿ ಅಣ್ಣನಿಗೆ ಫೋನ್ ಮಾಡಿದಳು. ಅವನು ಕ್ಷೌರದಂಗಡಿಯಲ್ಲಿದ್ದ.

"ಪಾಸ್‌ವರ್ಡ್ ಹೇಳು, ನಾನೇ ಮಾಡ್ತೀನಿ."

"ಅದನ್ನೆಲ್ಲ ಫೋನಲ್ಲಿ ಹೇಳ್ತಾರೇನೇ? ಬಂದೆ ಇರು. ಅದು ಎಲ್ಲರ ಕಂಪ್ಯೂಟರಿನ ಹಂಗೆ ವಿಂಡೋಸ್ ಅಲ್ಲ, ಲಿನಕ್ಸು. ನನ್ನ ಕೈಗೆ ಮಾತ್ರ ಒಲಿಯೋದು."

"ದೇವರು ವರ ಕೊಟ್ರೂ ಪೂಜಾರಿ ಕೊಡ ಅಂದಂಗಾಯ್ತು," ಎಂದಳು ದರ್ಜಿಯ ಹೆಂಡತಿ, ಯಾರನ್ನೂ ನೋಡದೆ.

ನಾಲ್ಕು ವರ್ಷದಿಂದ ಅಂಗಡಿಯ ಬಾಗಿಲು ತೆಗೆಯುವವಳು ತಂಗಿ, ಕಸ ಗುಡಿಸುವವಳು ತಂಗಿ, ಬೆರಳಚ್ಚು ಮಾಡುವವಳೂ ಅವಳೇ. ಸ್ಕ್ಯಾನ್ ಒಂದಕ್ಕೆ ಮಾತ್ರ ಅಣ್ಣ ಬರಬೇಕು. ಅವನ ಕೈಗುಣವೆಂದು ಅವಳೂ ನಂಬಿದ್ದಳು. ಸಿಟ್ಟು ಬಂದವರಿಗೆ ದೇವರು ಒಮ್ಮೊಮ್ಮೆ ಓದುವ ಬುದ್ಧಿಯನ್ನೂ ಕೊಡುತ್ತಾನೆ. ಅಣ್ಣ ಬರುವವರೆಗೆ ಅವಳು ಕಂಪ್ಯೂಟರಿನಲ್ಲೇ ಇದ್ದ ಸೂಚನೆಯ ಪುಟ ತೆರೆದು ಓದಿದಳು. ಸ್ಕ್ಯಾನರ್ ಬಳಸಬಹುದಾದವರದೊಂದು ಗುಂಪಿರುತ್ತದಂತೆ. ಅದರಲ್ಲಿ ಹೆಸರಿಲ್ಲದವರಿಗೆ ಯಂತ್ರ ಕಾಣುವುದೇ ಇಲ್ಲ. ಗುಂಪಿನ ಪಟ್ಟಿ ತೆಗೆದಳು. ಅಣ್ಣನ ಹೆಸರಿತ್ತು. ಅದರ ಪಕ್ಕದಲ್ಲಿ ಅತ್ತಿಗೆಯ ತಮ್ಮನ ಹೆಸರು. ಹೋದ ಬೇಸಿಗೆಯಲ್ಲಿ ಅವನು ಅಂಗಡಿಯಲ್ಲಿ ಕೂತದ್ದು ನಾಲ್ಕೇ ದಿನ.

ಅಷ್ಟೇ, ಇನ್ನೊಂದು ಹೆಸರಿರಲಿಲ್ಲ.

ಅಣ್ಣ ಬಂದಾಗ ಹನ್ನೊಂದೂ ನಲವತ್ತು. ಎಡಗೈ ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತಿದ. ತಂಗಿ ಒಂದೊಂದೇ ಹಾಳೆಯನ್ನು ಗಾಜಿನ ಮೇಲೆ ಇಡುತ್ತ ಹೋದಳು.

"ಅತ್ತಿಗೆ ತಮ್ಮನ ಕೈಗೂ ಒಲಿದಿತ್ತಲ್ಲ ಇದು."

"ಏನು?"

"ಪಟ್ಟಿ ನೋಡಿದೆ. ಅವನ ಹೆಸರು ಸೇರಿಸಿದ್ದೀಯ."

"ಓ, ಅದಾ. ನಿಂದು ಮರೆತೆ ಕಣೇ."

"ನಾಲ್ಕು ವರ್ಷ ಮರೆತ್ಯಾ?" ಅವಳು ಮುಂದಿನ ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿ ಇಟ್ಟಳು. "ದಿನಕ್ಕೆ ಹತ್ತು ಸಲ ಅಣ್ಣ ಬಾ, ಅಣ್ಣ ಬಾ ಅಂತ ಕೂಗ್ತಿದ್ದೆನಲ್ಲ. ಕೇಳೋಕೆ ಚೆನ್ನಾಗಿತ್ತಾ?"

"ಗಿರಾಕಿ ಮುಂದೆ ಬೇಡ."

"ಅಯ್ಯೋ, ನಂಗೇನೂ ಕೇಳಿಸ್ತಿಲ್ಲಪ್ಪ," ಎಂದಳು ದರ್ಜಿಯ ಹೆಂಡತಿ. "ನೀನು ಬೇಗ ಒತ್ತು."

ಹನ್ನೊಂದು ಹಾಳೆ ಹೋದವು. ಹನ್ನೆರಡಕ್ಕೆ ಆರು ನಿಮಿಷವಿರುವಾಗ 'ತಲುಪಿದೆ, ರೋಗಿಯನ್ನು ಕರೆತನ್ನಿ' ಎಂದು ಆಸ್ಪತ್ರೆಯಿಂದ ಉತ್ತರ ಬಂತು. ದರ್ಜಿಯ ಹೆಂಡತಿ ಅದನ್ನು ಎರಡು ಸಲ ಓದಿಸಿಕೊಂಡು, ಚಪ್ಪಲಿ ಅರ್ಧ ಮೆಟ್ಟಿಕೊಂಡೇ ಓಡಿದಳು.

ಅಣ್ಣ ಏಳಹೊರಟ.

"ಕೂತ್ಕೋ. ನನ್ನ ಹೆಸರು ಸೇರಿಸು."

"ಸಂಜೆ ನೋಡೋಣ ಬಿಡು."

ಸೊಂಟದಲ್ಲಿದ್ದ ಅಂಗಡಿಯ ಬೀಗದ ಕೈಯನ್ನು ಅವಳು ಕೀಬೋರ್ಡಿನ ಮೇಲೆ ಇಟ್ಟಳು. "ಹಂಗಾದ್ರೆ ನಾಳೆಯಿಂದ ಬಾಗಿಲು ನೀನೇ ತೆಗಿ. ಕಸಾನೂ ನೀನೇ ಗುಡಿಸು."

ಅವನು ಬೀಗದ ಕೈ ನೋಡಿದ, ಅವಳ ಮುಖ ನೋಡಿದ. ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿ ಒಂದು ಸಾಲು ಒತ್ತಿದ. ಒಂದೇ ಸಾಲು, ಉಸಿರು ಬಿಡುವಷ್ಟೂ ಹೊತ್ತಾಗಲಿಲ್ಲ. ಅಷ್ಟು ಬೇಗ ಮುಗಿದದ್ದು ಕಂಡು ಅವಳ ಸಿಟ್ಟು ಇನ್ನಷ್ಟು ಏರಿತು.

ಅವನು ಎದ್ದ ಕುರ್ಚಿಯಲ್ಲಿ ಕೂತು ಅವಳು ತನ್ನ ಹೆಸರಿನಲ್ಲಿ ಒಳಹೊಕ್ಕಳು, ಗುಂಡಿ ಒತ್ತಿದಳು. ಗಾಜಿನ ಮೇಲೆ ಏನೂ ಇರಲಿಲ್ಲ. ಮುಚ್ಚಳದ ಸಂದಿಯಲ್ಲಿ ಬಿಳಿ ಬೆಳಕು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಗಿ, ಹಿಂದಿರುಗಿತು.