ಅತ್ತೆಗೆ ಸೊಸೆಯ ಲೆಕ್ಕ

ಕಾಫಿ ಹೂ ಉದುರಿ ಕಾಯಿ ಕಟ್ಟಿದ ಮೇಲೆ ತೋಟವನ್ನೊಮ್ಮೆ ಸುತ್ತಿ, ಈ ಸಲದ ಫಸಲು ಎಷ್ಟಾದೀತೆಂದು ಕಣ್ಣಂದಾಜಿನಲ್ಲೇ ಹೇಳುವುದು ಬಣಕಲ್ ಸಮೀಪದ ಕೃಷ್ಣಮ್ಮನವರ ವರ್ಷಾವರ್ಷದ ಕೆಲಸ. ಅವರ ಮಾತಿನ ಮೇಲೆಯೇ ಗಂಡ ಶಂಕರ ಕೊಯ್ಲಿಗೆ ಆಳುಗಳನ್ನು ಗೊತ್ತುಮಾಡುತ್ತಿದ್ದರು. ಆದರೆ ಈ ಬಾರಿ ಐವತ್ತಾರರ ಕೃಷ್ಣಮ್ಮ ಇಳಿಜಾರಿನ ನಡುವೆ ಕಣ್ಣುಕತ್ತಲೆ ಬಂದು ಕುಸಿದು ಕುಳಿತರು.

"ಇನ್ನು ನೀನು ತೋಟಕ್ಕೆ ಬರೋದು ಬೇಡ. ನಾನೇ ನೋಡ್ಕೊಳ್ತೀನಿ," ಎಂದರು ಶಂಕರ.

"ನೀವು ನೋಡಿದ್ರೆ ಕಾಯಿಗಿಂತ ಎಲೆನೇ ಜಾಸ್ತಿ ಎಣಿಸ್ತೀರಿ," ಎಂದು ಚುಚ್ಚಿದರೂ, ತೋಟ ಕೈತಪ್ಪುವುದೆಂಬ ಚಿಂತೆ ಕೃಷ್ಣಮ್ಮನವರನ್ನು ಹಿಡಿಯಿತು.

ಮರುದಿನ ಆರೋಗ್ಯ ಕೇಂದ್ರದ ನರ್ಸ್ ಅರ್ಚನಾ ಮನೆಗೆ ಬಂದು ರಕ್ತದೊತ್ತಡ, ಸಕ್ಕರೆ ಎರಡನ್ನೂ ಪರೀಕ್ಷಿಸಿದರು. ಎರಡೂ ಸರಿಯಾಗಿದ್ದವು. ಊಟದ ವಿಷಯ ಕೇಳಿದಾಗ ಮೂವತ್ತರ ಸೊಸೆ ಧನ್ಯಾ ಬಾಯಿಬಿಟ್ಟಳು: "ಅತ್ತೆ ರಾತ್ರಿ ಊಟ ಬಿಟ್ಟು ತಿಂಗಳಾಯ್ತು. ಬೆಳಿಗ್ಗೆನೂ ಬರೀ ಕಾಫಿ."

"ಮತ್ತೇನ್ ಮಾಡ್ಲಿ? ಮುಟ್ಟು ನಿಂತ ಮೇಲೆ ಮೈ ಬರ್ತಾನೇ ಇದೆ. ಇವಳೂ ನಾನೂ ಒಂದೇ ಎತ್ತರ, ಒಂದೇ ತೂಕ ಇದ್ವಿ. ಇವಳಿಗೆ ಇಷ್ಟು ತಿನ್ನಬಹುದು ಅಂತ ಫೋನು ಲೆಕ್ಕ ಕೊಡ್ತು, ನಾನೂ ಅದನ್ನೇ ಹಿಡಿದೆ. ಇವಳು ಹಾಗೇ ಇದ್ದಾಳೆ, ನನ್ನ ರವಿಕೆ ಬಿಗಿಯಾಯ್ತು. ಅದಕ್ಕೆ ಊಟಾನೇ ಬಿಟ್ಟೆ."

"ಅಕ್ಕ, ಸುಮ್ನೆ ಮಲಗಿದ್ರೂ ಉಸಿರಾಡೋಕೆ, ಗುಂಡಿಗೆ ಮಿಡಿಯೋಕೆ, ಮೈ ಬೆಚ್ಚಗಿಡೋಕೆ ದೇಹ ಶಕ್ತಿ ಖರ್ಚು ಮಾಡ್ತದೆ," ಎಂದರು ಅರ್ಚನಾ. ವಿಶ್ರಾಂತಿಯಲ್ಲೂ ನಡೆಯುವ ಈ ಖರ್ಚಿಗೆ ತಿಳಿದವರು ವಿಶ್ರಾಂತ ಚಯಾಪಚಯ ದರವೆನ್ನುತ್ತಾರೆ. "ವಯಸ್ಸಾದ ಹಾಗೆ ಮಾಂಸಖಂಡ ಕರಗ್ತದೆ, ಆ ಖರ್ಚೂ ತಗ್ಗತದೆ. ಧನ್ಯಾ, ಫೋನಲ್ಲಿ ಎತ್ತರ, ತೂಕ ಹಾಗೇ ಇರಲಿ. ವಯಸ್ಸು ಮಾತ್ರ ಅತ್ತೆದು ಹಾಕಿ."

ಸುಮ್ಮನಿದ್ದಾಗಿನ ದಿನದ ಖರ್ಚೆಂದು ಫೋನಿನಲ್ಲಿ ಸಾವಿರದ ಮುನ್ನೂರರ ಆಸುಪಾಸಿನಲ್ಲಿದ್ದ ಕ್ಯಾಲೊರಿ ಲೆಕ್ಕ ಸಾವಿರದ ನೂರ ಎಪ್ಪತ್ತರ ಹತ್ತಿರಕ್ಕೆ ಇಳಿಯಿತು. ಕೃಷ್ಣಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಅಂದ್ರೆ ಎಷ್ಟು ವ್ಯತ್ಯಾಸ?"

"ಹೆಚ್ಚುಕಡಿಮೆ ದಿನಕ್ಕೊಂದು ಅಕ್ಕಿರೊಟ್ಟಿಯಷ್ಟು," ಎಂದರು ಅರ್ಚನಾ.

"ಒಂದು ರೊಟ್ಟಿಗೋಸ್ಕರ ನಾನು ಇಡೀ ಊಟ ಬಿಟ್ಟೆನಾ? ಅಲ್ಲ ಮಾರಾಯ್ತಿ, ಅಳೆಯದೆ ಕೊಟ್ಟ ಲೆಕ್ಕಾನ ನಂಬೋದು ಹೆಂಗೆ?"

"ನೀವು ಕೊಯ್ಯೋ ಮೊದಲೇ ಫಸಲು ಹೇಳಲ್ವಾ?"

"ಹೇಳ್ತೀನಿ. ಆದ್ರೆ ಎಳೇ ಗಿಡದ ಲೆಕ್ಕ ಮುದಿ ಗಿಡಕ್ಕೆ ಹಾಕಲ್ಲ..." ಎನ್ನುವಷ್ಟರಲ್ಲಿ ಕೃಷ್ಣಮ್ಮನವರಿಗೇ ಹೊಳೆಯಿತು. ತಾವು ಮಾಡಿಕೊಂಡದ್ದೂ ಅದನ್ನೇ. ಧನ್ಯಾ ಮುಖ ತಿರುಗಿಸಿ ನಕ್ಕಳು.

"ನಗು, ನಗು. ನೀನೂ ಒಂದಿನ ಮುದಿ ಗಿಡ ಆಗ್ತೀ."

"ಇದೂ ಬರೀ ಅಂದಾಜೇ ಅಕ್ಕ," ಎಂದರು ಅರ್ಚನಾ. "ನೂರಿನ್ನೂರು ಆಚೀಚೆ ಆಗಬಹುದು. ಸರಿಯಾಗಿ ಅಳೆಯೋಕೆ ಬಿಟ್ಟ ಉಸಿರನ್ನ ಪರೀಕ್ಷೆ ಮಾಡೋ ಯಂತ್ರ ಬೇಕು, ಅದು ದೊಡ್ಡ ಆಸ್ಪತ್ರೆಗಳ ಮಾತು. ನಾವು ಅಂದಾಜು ಹಿಡಿದು, ತಿಂಗಳಿಗೊಮ್ಮೆ ತೂಕ ನೋಡಿ ತಿದ್ಕೊಳ್ಳಣ. ಮತ್ತೆ ಇದು ಮಲಗಿದ್ದಾಗಿನ ಖರ್ಚು ಮಾತ್ರ. ತೋಟ ಸುತ್ತೋರು ಇದಕ್ಕಿಂತ ಹೆಚ್ಚೇ ತಿನ್ನಬೇಕು. ಉಪವಾಸ ಬಿದ್ರೆ ಮಾಂಸಖಂಡ ಇನ್ನೂ ಕರಗ್ತದೆ. ಕಾಳು, ಮೊಟ್ಟೆ, ಮಜ್ಜಿಗೆ ಬಿಡಬೇಡಿ."

"ಹಾಗಾದ್ರೆ ಇವಳು ಗುಡ್ಡ ಹತ್ತಬಹುದಾ?" ಶಂಕರ ಕೇಳಿದರು.

"ಮೊದಲು ಮೂಡಿಗೆರೆಯಲ್ಲಿ ಡಾಕ್ಟರಿಗೆ ತೋರಿಸಿ, ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎಲ್ಲ ಸರಿ ಇದ್ರೆ ನಿಧಾನಕ್ಕೆ ಹತ್ತಲಿ. ನಡೆಯೋದು ನಿಲ್ಲಿಸಿದ್ರೆ ಮಾಂಸಖಂಡ ಉಳಿಯೋದು ಹೇಗೆ?"

ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ರಾತ್ರಿಯ ತಟ್ಟೆಗೆ ಅನ್ನ ತುಸು ಕಡಿಮೆ, ಹುರುಳಿಕಾಳಿನ ಪಲ್ಯ ತುಸು ಹೆಚ್ಚು ಬಂತು. ಕೆಲವು ವಾರಗಳಲ್ಲಿ ದಂಪತಿಗಳು ಒಟ್ಟಿಗೆ ಇಳಿಜಾರು ಹತ್ತಿದರು. ಮೇಲೆ ಮೊದಲು ತಲುಪಿ, ಏದುಸಿರು ಬಿಡುತ್ತಿದ್ದ ಗಂಡನಿಗಾಗಿ ಕಾದು ನಿಂತವರು ಕೃಷ್ಣಮ್ಮನವರೇ.

ತಾಯಂದಿರೇ, ಮುಟ್ಟು ನಿಂತ ಬಳಿಕ ಮೈ ಭಾರವಾಯಿತೆಂದು ಹೊಟ್ಟೆ ಕಟ್ಟಿ ಕೂರಬೇಡಿ. ಇನ್ನೊಬ್ಬರ ಲೆಕ್ಕವನ್ನು ನಿಮ್ಮ ತಟ್ಟೆಗೆ ತರಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನಿಮ್ಮ ವಯಸ್ಸು, ಎತ್ತರ, ತೂಕಕ್ಕೆ ತಕ್ಕ ಅಂದಾಜನ್ನು ಕೇಳಿ ಪಡೆಯಿರಿ. ತಲೆಸುತ್ತು ಬಂದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಇಂದು ರಾತ್ರಿಯ ಊಟವನ್ನಂತೂ ಬಿಡಬೇಡಿ.