ಅತ್ತೆಯ ಬಾಯಿ, ಚೂಟಿಯ ಹಲಗೆ

ದರ್ಜಿಯ ಮಗಳು ಚೂಟಿಗೆ ಎಂಟು ವರ್ಷ. ಕೈಕಾಲು ಅವಳ ಹಿಡಿತದಲ್ಲಿರಲಿಲ್ಲ, ಗಂಟಲಿನಿಂದ ಮಾತೂ ಹೊರಡುತ್ತಿರಲಿಲ್ಲ. ಹಾಗಂತ ಆ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ತಾಯಿಯಿಲ್ಲದ ಮಗುವನ್ನು ಎತ್ತಿ ಬೆಳೆಸಿದ ಸೋದರತ್ತೆ ಇಬ್ಬರ ಪಾಲಿನದನ್ನೂ ತಾನೇ ಆಡುತ್ತಿದ್ದಳು.

"ಹಸಿವಾ ಚೂಟಿ? ಹಸಿವೇ. ಬ್ರೆಡ್ಡು ತಾನೇ? ಬ್ರೆಡ್ಡೇ."

ಹೀಗೆ ಪ್ರಶ್ನೆ ಕೇಳಿ, ಉತ್ತರ ಹೇಳಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಬಾಯಿಗಿಡುವಷ್ಟರಲ್ಲಿ ಚೂಟಿ ಒಮ್ಮೆ ಕಣ್ಣು ಮಿಟುಕಿಸಿದ್ದರೆ ಹೆಚ್ಚು.

ಒಂದು ದಿನ ಶಾಲೆಯಲ್ಲಿ ಮಾತು ಕಲಿಸುವ ಟೀಚರು ಬಂದು ಅವಳ ಗಾಲಿಕುರ್ಚಿಗೆ ಒಂದು ಹಲಗೆ ಸಿಕ್ಕಿಸಿದರು. ತುಂಬ ಚಿತ್ರಗಳಿದ್ದ ಹಲಗೆ. ಯಾವ ಚಿತ್ರವನ್ನು ಮುಷ್ಟಿಯಿಂದ ಒತ್ತಿದರೂ ಅದರ ಮಾತನ್ನು ಗಟ್ಟಿಯಾಗಿ ಹೇಳುತ್ತಿತ್ತು. ಊಟ, ನೀರು, ನಿದ್ದೆಯ ಜೊತೆ 'ಬೇಡ', 'ಇನ್ನೂ', 'ಬೇಜಾರು', 'ಸುಳ್ಳು' ಕೂಡ ಇದ್ದವು.

"ಸುಳ್ಳು ಯಾಕೆ ಟೀಚರ್? ಒಳ್ಳೆ ಮಾತು ಕಲಿಸಬಾರದಾ?" ಎಂದಳು ಅತ್ತೆ.

"ಒಳ್ಳೆ ಮಾತಲ್ಲೇ ದಿನ ಕಳೆಯೋಕೆ ನಮಗೆ ಆಗುತ್ತಾ? ಅವಳಿಗೂ ತಕರಾರು ಬೇಕು, ತಮಾಷೆ ಬೇಕು. ನೀವೂ ಮಾತಾಡ್ತಾ ಚಿತ್ರ ಒತ್ತಿ ತೋರಿಸಿ, ನೋಡಿ ಕಲೀತಾಳೆ. ಮತ್ತೆ, ಏನಾದ್ರೂ ಕೇಳಿದ ಮೇಲೆ ಸ್ವಲ್ಪ ಕಾಯ್ಬೇಕು. ಅವಳ ಕೈ ಅಲ್ಲಿಗೆ ಹೋಗೋಕೆ ಹೊತ್ತು ಹಿಡಿಯುತ್ತೆ."

"ಕಾಯೋದೇನು ಮಹಾ?"

ಮಹಾ ಅಲ್ಲದ ಆ ಕೆಲಸಕ್ಕೆ ಅತ್ತೆ ಕೆಳತುಟಿಯನ್ನೇ ಕಚ್ಚಿ ಹಿಡಿಯಬೇಕಾಯಿತು. ದರ್ಜಿಯೂ ಸೀಮೆಸುಣ್ಣ ಮೆತ್ತಿದ ಬೆರಳಿನಲ್ಲಿ ಚಿತ್ರ ಒತ್ತುತ್ತಾ ಮಗಳ ಜೊತೆ ಮಾತಾಡತೊಡಗಿದ. ವಾರಗಟ್ಟಲೆ ಚೂಟಿ ಸುಮ್ಮನೆ ನೋಡಿದಳು. ಕೊನೆಗೊಂದು ಬೆಳಿಗ್ಗೆ ಅವಳ ಮುಷ್ಟಿ ಅತ್ತಿತ್ತ ಜಾರಿ, ನಿಂತು, ಮತ್ತೆ ಹೊರಟು ಒಂದು ಚಿತ್ರದ ಮೇಲೆ ಬಿತ್ತು.

"ಬೇಡ," ಎಂದಿತು ಹಲಗೆ.

ಚಮಚ ಹಿಡಿದ ಅತ್ತೆಯ ಕೈ ಅರ್ಧದಲ್ಲೇ ನಿಂತಿತು. "ಬ್ರೆಡ್ಡು ಬೇಡ್ವಾ? ಇಷ್ಟು ವರ್ಷ ತಿಂದೆಯಲ್ಲೇ."

"ಬೇಡ."

ಅತ್ತೆ ಮುಖ ಊದಿಸಿಕೊಂಡು ಅಡುಗೆಮನೆ ಸೇರಿ, ಪಾತ್ರೆಗಳ ಹತ್ತಿರ ದೂರು ಹೇಳಿಕೊಂಡಳು. ದರ್ಜಿ ಬಾಗಿಲಲ್ಲಿ ನಿಂತು, "ಅಕ್ಕಾ, ಅವಳು ಬೇಡ ಅಂದಿದ್ದು ಬ್ರೆಡ್ಡನ್ನ, ನಿನ್ನನ್ನಲ್ಲ," ಎಂದ. ಸ್ವಲ್ಪ ಹೊತ್ತಿಗೆ ಕಿವುಚಿದ ಮೊಟ್ಟೆಯ ತಟ್ಟೆ ಹೊರಗೆ ಬಂತು. ಚೂಟಿ 'ಇನ್ನೂ' ಒತ್ತಿದಳು. ಅತ್ತೆಯ ಮುಖದ ಊತ ಇಳಿಯಿತು.

ಆ ವಾರವೇ ಬ್ಯಾಂಕಿನ ಮ್ಯಾನೇಜರು ಹೊಸ ಕೋಟಿನ ಟ್ರಯಲ್‌ಗೆ ಬಂದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಇಸ್ತ್ರಿ ಮೇಜಿನ ಪಕ್ಕದಲ್ಲಿ ಚೂಟಿಯ ಕುರ್ಚಿ. ದರ್ಜಿ ಕೋಟು ತೊಡಿಸಿ, ಹಿಂದೆ ಸರಿದು ನೋಡಿ, "ಹೇಳಿ ಮಾಡಿಸಿದ ಹಾಗಿದೆ ಸಾರ್," ಎಂದ.

"ಸುಳ್ಳು," ಎಂದಿತು ಹಲಗೆ.

ದರ್ಜಿ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ಕೆಳಗೆ ಬಿತ್ತು. ಚೂಟಿ ಕುರ್ಚಿ ಅಲುಗಾಡುವಂತೆ ನಗುತ್ತಿದ್ದಳು. ಮ್ಯಾನೇಜರು ಅವಳನ್ನು ನೋಡಿದರು, ಕನ್ನಡಿ ನೋಡಿದರು.

"ಎಡಗಡೆ ಭುಜ ಎತ್ತಿದೆ, ಅಲ್ವೇನ್ರೀ?"

"ಎತ್ತಿದೆ ಸಾರ್. ಬಿಚ್ಚಿ ಸರಿ ಮಾಡ್ಕೊಡ್ತೀನಿ."

ಗಿರಾಕಿಗಳು ಚೂಟಿಯ ಬಗ್ಗೆ ಏನು ಕೇಳುವುದಿದ್ದರೂ ಅವಳಪ್ಪನನ್ನೇ ಕೇಳುತ್ತಿದ್ದರು. ಇವರು ಮೊಣಕಾಲೂರಿ ಅವಳೆದುರೇ ಕೂತು, "ಬಣ್ಣ ಹೇಗಿದೆಯಮ್ಮಾ?" ಎಂದರು.

ಒಳಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿ ತೆರೆದಳು, ಮುಚ್ಚಿದಳು. ಎಲ್ಲರೂ ಕಾದರು. ಇಸ್ತ್ರಿಪೆಟ್ಟಿಗೆ ಮಾತ್ರ ಬುಸ್ಸೆನ್ನುತ್ತಿತ್ತು. ಮುಷ್ಟಿ ಹಲಗೆಯ ಮೇಲೆ ನಿಧಾನವಾಗಿ ಸಾಗಿತು.

"ಬೇಜಾರು."

"ನನ್ನ ಹೆಂಡತೀನೂ ಇದನ್ನೇ ಹೇಳಿದ್ಲು," ಎಂದು ನಗುತ್ತಾ ಮ್ಯಾನೇಜರು ಕೋಟು ಬಿಚ್ಚಿದರು.

ದರ್ಜಿ ಅದನ್ನು ತೂಗುಹಾಕುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡ. ಮಗಳ ತಲೆಯಲ್ಲಿ ಏನು ಓಡುತ್ತಿದೆಯೋ ಎಂದು ವರ್ಷಗಟ್ಟಲೆ ಕೊರಗಿದ್ದ. ಅವಳು ಅಲ್ಲಿ ಕೂತು ತನ್ನ ವ್ಯಾಪಾರದ ಬುರುಡೆಯನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು! ಅವನಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಸಂಜೆ ಅತ್ತೆ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು: "ಮಾತು ಬಲ್ಲವರಿಗೆ ಜಗಳವಿಲ್ಲ ಅಂತಾರೆ. ನಮ್ಮನೇಲಿ ನೋಡು, ಮಾತು ಬಂದ ಮೇಲೇ ಜಗಳ. ಎಲ್ಲದಕ್ಕೂ ಎದುರುತ್ತರ ಕೊಡ್ತಾಳೆ ಕಣೇ, ಎಲ್ಲದಕ್ಕೂ."

ಮಗು ಪರೀಕ್ಷೆಯಲ್ಲಿ ಮೊದಲು ಬಂದಿದೆ ಎಂದು ಹೇಳುವ ದನಿ ಅದು.