ಕಡೇ ಗಾಡಿಯ ಮಾತು

ಕ್ಲಬ್ಬಿನವರೆಲ್ಲ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಅವಳು ಪಾಠ ಹೇಳುತ್ತಿದ್ದದ್ದು ಡ್ರೈವಿಂಗ್ ಸ್ಕೂಲಿನಲ್ಲಿ. ಹದಿನಾಲ್ಕು ವರ್ಷದಿಂದ ದಿನಕ್ಕೆ ಆರು ಜನ ಹೊಸಬರ ಪಕ್ಕ ಕೂತು, ಜೀವ ಅಂಗೈಯಲ್ಲಿ ಹಿಡಿದುಕೊಂಡು, ಅವರಿಗಿಂತ ಮೊದಲು ತಾನೇ ಬ್ರೇಕ್ ಒತ್ತಿ ಬದುಕಿದವಳು. ಆದರೂ ಜೀಪು ಕ್ಲಬ್ಬಿನ ಬೇಸಿಗೆ ಪ್ರವಾಸ ಬಂತೆಂದರೆ ಅವಳ ಗಾಡಿ ಸಾಲಿನ ತೀರಾ ಕೊನೆಯಲ್ಲಿರಬೇಕು. ಕ್ಲಬ್ಬಿನ ಅಧ್ಯಕ್ಷ ಅವಳ ಒಡಹುಟ್ಟಿದ ಅಣ್ಣ. ಅವನದೇ ಆ ನಿಯಮ.

“ಕೊನೇಲಿ ನಂಬಿಕಸ್ಥರು ಇರ್ಬೇಕಮ್ಮ. ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ ಎಳೆಯೋರು ಬೇಕಲ್ಲ” ಎಂದು ಪ್ರತಿ ವರ್ಷವೂ ಬೆಣ್ಣೆ ಹಚ್ಚುತ್ತಿದ್ದ. ನಂಬಿಕಸ್ಥಳ ಪಾಲಿಗೆ ದಕ್ಕುತ್ತಿದ್ದದ್ದು ಮುಂದಿನ ನಾಲ್ಕು ಗಾಡಿಗಳ ಧೂಳು.

ಈ ಸಲವಂತೂ ಬೆಳಗ್ಗೆ ಹತ್ತಕ್ಕೇ ಸ್ಟೀರಿಂಗ್ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಏಸಿ ಹಾಕಿದರೆ ಎಂಜಿನ್ ಕಾಯುತ್ತದೆ, ಕಿಟಕಿ ಇಳಿಸಿದರೆ ಬಾಯಿತುಂಬ ಮಣ್ಣು. ಅವಳ ಮುಂದೆಯೇ ಹಲ್ಲಿನ ಡಾಕ್ಟರ ಹೊಸ ಗಾಡಿ. ಒಂದೊಂದು ಮುಳ್ಳುಕಂಟಿ ತಾಗಿದಾಗಲೂ ಡಾಕ್ಟರು ಇಳಿದು, ಬಣ್ಣಕ್ಕೆ ಗೀರು ಬಿತ್ತೇನೋ ಎಂದು ಮಗುವಿನ ಕೆನ್ನೆ ಸವರುವಂತೆ ಸವರಿ ನೋಡಿ ಹತ್ತುತ್ತಿದ್ದರು. ಅವಳು ಎಂಜಿನ್ ಆರಿಸಿ, ಬೆವರು ಒರೆಸಿಕೊಂಡು ಕಾಯುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಒಣಗಿದ ಹಳ್ಳದ ದಂಡೆಯಲ್ಲಿ ದಾರಿ ಎರಡಾಯಿತು. ಅಣ್ಣನ ಜೀಪು ಬಲಕ್ಕೆ ಹೊರಳಿತು. ಅವಳು ತೊಡೆಯ ಮೇಲಿದ್ದ ನಕ್ಷೆ ನೋಡಿ ವಾಕಿಟಾಕಿ ಒತ್ತಿದಳು.

“ಅಣ್ಣಾ, ಎಡಗಡೆ ಹೋಗ್ಬೇಕು ಕಣೋ. ಬಲಗಡೆ ದಾರಿ ಅರ್ಧಕ್ಕೇ ನಿಂತುಹೋಗುತ್ತೆ.”

“ಏನೂ ಕೇಳಿಸ್ತಿಲ್ಲಮ್ಮ, ಬರೀ ಕರಕರ ಅಂತಿದೆ. ಎಲ್ರೂ ನನ್ ಹಿಂದೆ ಬನ್ನಿ.”

ಅವಳು ಮತ್ತೆ ಹೇಳಿದಳು. ಮೂರನೆಯ ಸಲ ಕಿರುಚಿಯೇ ಹೇಳಿದಳು. ಡಾಕ್ಟರ ಹೆಂಡತಿಯ ದನಿ ಬಂತು: “ಟೀಚರ್, ನಮಗೆ ಚೆನ್ನಾಗೇ ಕೇಳಿಸ್ತಿದೆ. ಆದ್ರೆ ಅವರು ಹೋಗೇಬಿಟ್ರಲ್ಲ, ಏನು ಮಾಡೋದು?”

ಏನು ಮಾಡುವುದು, ಎಲ್ಲರೂ ಹೋದರು. ದಾರಿ ಕಿರಿದಾಗುತ್ತ ಹೋಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಎರಡು ಕಿಲೋಮೀಟರ್ ಆದ ಮೇಲೆ ಜೀಪೊಂದನ್ನು ನುಂಗುವಷ್ಟು ದೊಡ್ಡ ಕೊರಕಲು ಅಡ್ಡ ಬಂತು. ಅಲ್ಲಿಗೆ ದಾರಿ ಮುಗಿಯಿತು. ಗಾಡಿ ತಿರುಗಿಸಲು ಗೇಣು ಜಾಗವೂ ಇರಲಿಲ್ಲ.

“ಎಲ್ರೂ ರಿವರ್ಸ್ ಹೋಗಿ” ಎಂದಿತು ಅಣ್ಣನ ದನಿ, ಮೊದಲೇ ಯೋಚಿಸಿಟ್ಟಿದ್ದ ಹಾಗೆ.

ಈಗ ಕಡೇ ಗಾಡಿಯೇ ಮೊದಲು ಹೊರಡಬೇಕು. ಅವಳು ತನ್ನ ಜೀಪನ್ನು ಒಂದು ತಿರುವಿನಷ್ಟು ಹಿಂದಕ್ಕೆ ಒಯ್ದು ನಿಲ್ಲಿಸಿ, ಕಾದ ಕಲ್ಲುಗಳ ಮೇಲೆ ನಡೆದು ಬಂದು, ಉಳಿದ ಗಾಡಿಗಳನ್ನು ಒಂದೊಂದಾಗಿ ಕರೆಯಬೇಕು. ಮತ್ತೆ ತನ್ನದನ್ನು ಒಯ್ಯಬೇಕು, ಮತ್ತೆ ಬರಬೇಕು. ಡಾಕ್ಟರು ಒಮ್ಮೆ ಕನ್ನಡಿ ನೋಡುತ್ತಿದ್ದರು, ಒಮ್ಮೆ ಇಳಿಜಾರು ನೋಡುತ್ತಿದ್ದರು.

“ಡಾಕ್ಟ್ರೇ, ಅಲ್ಲಿ ಇಲ್ಲಿ ನೋಡ್ಬೇಡಿ. ನನ್ ಕೈ ಮಾತ್ರ ನೋಡಿ. ಬಲಕ್ಕೆ... ಸಾಕು, ಸಾಕು ಅಂದೆ!”

ಸಾಕು ಎನ್ನುವಷ್ಟರಲ್ಲಿ ಹೊಸ ಗಾಡಿಯ ಹಿಂದಿನ ಚಕ್ರ ಅಂಚಿನಿಂದ ಜಾರಿತು. ಡಾಕ್ಟರ ಹೆಂಡತಿ ಬಾಗಿಲು ತೆಗೆದು ಹಾರಿದಳು. ಟೀಚರ್ ಓಡಿಹೋಗಿ ತನ್ನ ಜೀಪಿನ ಮೂತಿಯಲ್ಲಿದ್ದ ಉಕ್ಕಿನ ಹಗ್ಗ ಬಿಚ್ಚಿ, ಗಾಡಿಯ ಹಿಂಭಾಗಕ್ಕೆ ಕೊಂಡಿ ಹಾಕಿ, ಇಂಚಿಂಚಾಗಿ ಎಳೆದಳು. ಕೊನೆಗೂ ಚಕ್ರ ದಾರಿಗೆ ಹತ್ತಿತು. ಎರಡು ಕಿಲೋಮೀಟರಿಗೆ ಮೂರು ಗಂಟೆ ಹಿಡಿಯಿತು.

ಹಳ್ಳದ ದಂಡೆಗೆ ಎಲ್ಲರಿಗಿಂತ ಕೊನೆಗೆ ಬಂದ ಅಣ್ಣ ಇಳಿದು, ಸೊಂಟಕ್ಕೆ ಕೈ ಕೊಟ್ಟು ನಕ್ಕ. “ಹೇಗಿತ್ತು! ಮನೇಲಿ ಕೂತಿದ್ರೆ ಇಂಥ ಅನುಭವ ಸಿಗುತ್ತಾ?” ಬದುಕಿದೆವಲ್ಲ ಎಂಬ ಖುಷಿಯಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ಟೀಚರ್ ಹಗ್ಗ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

ಹೊತ್ತು ಮುಳುಗುವ ಮೊದಲು ಎಡಗಡೆ ದಾರಿಯಲ್ಲಿ ಬಿಡಾರದ ಜಾಗ ಸಿಕ್ಕಿತು. ಅವಳು ರೇಡಿಯೇಟರಿಗೆ ನೀರು ಹಾಕುತ್ತಿದ್ದಾಗ ಅಣ್ಣ ಬಂದು ಪಕ್ಕದಲ್ಲಿ ನಿಂತ.

“ಕೇಳಿಸಿತ್ತು ಕಣೇ.”

“ಏನು?”

“ಎಡಗಡೆ ಅಂದಿದ್ದು. ಮೊದಲನೇ ಸಲಾನೇ ಕೇಳಿಸ್ತು.”

ಇಡೀ ಮಧ್ಯಾಹ್ನ ಅವಳು ಆ ವಾಕಿಟಾಕಿಗೆ ಶಾಪ ಹಾಕಿದ್ದಳು. “ಮತ್ಯಾಕೆ ಹೋದೆ?”

“ಆಗಲೇ ಬಲಕ್ಕೆ ತಿರುಗಿಸಿಬಿಟ್ಟಿದ್ದೆ. ಅಷ್ಟು ಜನರ ಮುಂದೆ ತಪ್ಪು ಅಂತ ಹೇಗೆ ಹೇಳ್ಲಿ?”

“ಒಂದು ಗಾಡಿ ಕೆಳಗೆ ಹೋಗ್ತಿತ್ತಲ್ಲೋ! ಇದನ್ನ ನನ್ ಕಿವೀಲಿ ಹೇಳಿ ಏನು ಬಂತು? ಅವರಿಗೆ ಹೇಳು, ಹೋಗು.”

“ಹೇಳ್ತೀನಿ. ಬೆಳಗ್ಗೆ ಹೇಳ್ತೀನಿ.”

ಬೆಳಗ್ಗೆ ಅಧ್ಯಕ್ಷರು ಎಲ್ಲರನ್ನೂ ಸೇರಿಸಿ ಮಾತಾಡಿದರು. ಟಯರಿನ ಗಾಳಿಯ ಬಗ್ಗೆ ಹೇಳಿದರು, ಕುಡಿಯುವ ನೀರಿನ ಬಗ್ಗೆ ಹೇಳಿದರು, ಕಸ ಬಿಸಾಡಬಾರದೆಂದರು. ಹೇಳಬೇಕಾದ ಒಂದನ್ನು ಹೇಳದೆ, ತಂಗಿಯ ಕಣ್ಣು ತಪ್ಪಿಸಿ ಮಾತು ಮುಗಿಸಿದರು.

ಅವಳು ಜೀಪು ಹತ್ತಿ, ನಾಲ್ಕೂ ಗಾಡಿಗಳನ್ನು ಬಳಸಿಕೊಂಡು ಎಲ್ಲಕ್ಕಿಂತ ಮುಂದೆ ಹೋಗಿ ನಿಂತಳು. ಅಣ್ಣ ಅವಳ ಮುಖ ನೋಡಿ, ತನ್ನ ಜೀಪನ್ನು ಸಾಲಿನ ಕೊನೆಗೆ ಒಯ್ದ.

ಧೂಳಿಲ್ಲದ ದಾರಿ ಕಂಡು ಎಷ್ಟು ವರ್ಷವಾಗಿತ್ತೋ! ಆದರೆ ಆ ಸುಖ ಹತ್ತು ನಿಮಿಷವೂ ಉಳಿಯಲಿಲ್ಲ. ಹಿಂದಿನಿಂದ ವಾಕಿಟಾಕಿಯಲ್ಲಿ ಪಾಠ ಶುರುವಾಯಿತು. “ನಿಧಾನಮ್ಮ... ಸೆಕೆಂಡ್ ಗೇರ್ ಹಾಕು... ಕ್ಲಚ್ ಮೇಲೆ ಕಾಲಿಡಬೇಡ.” ದಿನಕ್ಕೆ ಆರು ಜನಕ್ಕೆ ಅದನ್ನೇ ಹೇಳಿ ಗಂಟಲು ಹರಿದುಕೊಳ್ಳುವವಳಿಗೆ! ವಾಕಿಟಾಕಿಯನ್ನೇ ಕಿತ್ತು ಕಿಟಕಿಯಾಚೆ ಎಸೆಯಬೇಕೆನಿಸಿತು.

“ಬಾಗಿದ ಮರ ಆದ್ಮೇಲೆ ಬಲಕ್ಕೆ ಒತ್ತಿಕೊಂಡು ಹೋಗು. ಎಡಗಡೆ ಮರಳು ಗಟ್ಟಿ ಇದ್ದ ಹಾಗೆ ಕಾಣುತ್ತೆ, ಒಳಗೆಲ್ಲ ಮೆತ್ತಗಿದೆ. ಬೆಳಗಿನ ಜಾವ ನಡ್ಕೊಂಡು ಬಂದು ನೋಡಿದ್ದೆ.”

ಅವಳ ನಕ್ಷೆಯಲ್ಲಿ ಅಂಥದ್ದೇನೂ ಇರಲಿಲ್ಲ. ಎಡಗಡೆಯೇ ಸಪಾಟಾಗಿ ಕಾಣುತ್ತಿತ್ತು. ಜೀಪು ನಿಲ್ಲಿಸಿ ಇಳಿದು ಒಂದು ಕೋಲಿನಿಂದ ಚುಚ್ಚಿದಳು. ಕೋಲು ಮೊಳದುದ್ದ ಒಳಗೆ ಹೋಯಿತು. ಒಂದು ಗಳಿಗೆ ಬಿಸಿಲಲ್ಲೇ ನಿಂತಳು. ಏನೂ ಕೇಳಿಸಲಿಲ್ಲ, ತಾನೇ ಕಂಡುಹಿಡಿದೆ ಎಂದು ಅವಳೂ ಹೇಳಬಹುದಿತ್ತು.

ಒಳಗೆ ಬಂದು ಗುಂಡಿ ಒತ್ತಿದಳು. “ಎಲ್ರೂ ಬಲಗಡೆಯಿಂದ ಬನ್ನಿ. ಎಡಗಡೆ ಹೂತುಕೊಳ್ಳುತ್ತೆ. ಅಧ್ಯಕ್ಷರು ಹೇಳಿದ್ದಾರೆ.”

ಆ ಕೊನೆಯ ಮಾತು ಹೇಳುವಾಗ ಅವಳ ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿಕೊಂಡು ಜೀಪನ್ನು ಬಲಕ್ಕೆ ತಿರುಗಿಸಿದಳು. ಕನ್ನಡಿಯಲ್ಲಿ ಗಾಡಿಗಳು ಒಂದೊಂದಾಗಿ ಬಲಕ್ಕೆ ಹೊರಳಿದವು; ಎಲ್ಲಕ್ಕಿಂತ ಕೊನೆಗೆ, ಧೂಳಿನ ನಡುವೆ, ಅಣ್ಣನದು.